ಮನೆಗೆ ಮುನ್ನ ಶಾಲೆ



ಮಂಗಳೂರಿನಲ್ಲಿ ಉದ್ಯೋಗ ದೊರೆತೊಡನೆ ಕಾಸರಗೋಡಿನ ಒಳನಾಡಿನ ಕುಟುಂಬಗಳು ಆ ನಗರದ ಸಮೀಪದಲ್ಲಿ ಮನೆಯನ್ನರಸುವುದು ಸಹಜವೇ ಆಗಿದೆ. ಬಾಡಿಗೆ, ಬಾವಿಯ ನೀರು, ರೈಲಿನ ಹೊತ್ತು, ಇವೆಲ್ಲವನ್ನೂ ವಿಚಾರಿಸುವೆವು. ಆದರೆ ಎಳೆಯ ಮಕ್ಕಳುಳ್ಳವರು ಮೊದಲು ವಿಚಾರಿಸಬೇಕಾದುದು ಶಾಲೆಯನ್ನು.

ಕುಂಬಳೆ, ಉಪ್ಪಳ, ಮಂಜೇಶ್ವರಗಳಿಂದ ಮಂಗಳೂರಿಗೆ ರೈಲೂ ಬಸ್ಸೂ ಉಂಟು. ದುಡಿಯುವವರು ದಿನವೂ ಹೋಗಿ ಬರಬಲ್ಲರು. ಪ್ರಯಾಣದ ಭಾರವನ್ನು ಹಿರಿಯರೇ ಹೊರಲಿ. ಮಗುವು ನಡೆದು ಶಾಲೆ ಸೇರುವಂತಿರಲಿ. ಅಲ್ಲಿ ಕನ್ನಡ ವಿಭಾಗವು ಎಷ್ಟನೆಯ ತರಗತಿಯವರೆಗಿದೆ, ಮುಂದಿನ ಪ್ರೌಢಶಾಲೆ ಎಷ್ಟು ದೂರ, ಗಣಿತ ವಿಜ್ಞಾನಗಳನ್ನು ಕನ್ನಡ ಬಲ್ಲವರೇ ಬೋಧಿಸುವರೇ ಎಂಬುದನ್ನು ಕಣ್ಣಾರೆ ಕಂಡು ತಿಳಿಯಬೇಕು.

ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350 ಎ ವಿಧಿಯು ಹೇಳುತ್ತದೆ. ಆದರೆ ನಮ್ಮ ಶಾಲೆಗಳ ಅಧ್ಯಾಪಕ ಹುದ್ದೆಗಳಿಗೆ ಆಧಾರವಾದುದು ಶಾಲೆ ತೆರೆದ 6ನೆಯ ಕೆಲಸದ ದಿನದ ಮಕ್ಕಳ ಎಣಿಕೆ. ನಾಲ್ಕು ಮನೆಯವರು ಹೊರಟುಹೋದರೆ ಒಂದು ವಿಭಾಗವೇ ಅಳಿಯಬಹುದು. ನಾಲ್ಕು ಮನೆಯವರು ಬಂದು ನೆಲಸಿದರೆ ಅದು ಉಳಿಯಬಹುದು.

ತಲಪಾಡಿಯನ್ನು ದಾಟಿ ನೆಲಸಲೇಬೇಕಾದವರನ್ನು ನಾವು ದೂರುವುದಿಲ್ಲ; ಅವರು ಅಲ್ಲಿಯೂ ಕನ್ನಡ ಶಾಲೆಯನ್ನೇ ಅರಸಲಿ. ಈಚೆ ನಿಲ್ಲಬಲ್ಲವರು ಬಾಡಿಗೆಯ ಮುಂಗಡ ಕೊಡುವ ಮುನ್ನ, ಒಂದು ಬೆಳಗ್ಗೆ ಮಗುವಿನ ಕೈಹಿಡಿದು ಶಾಲೆಯವರೆಗೆ ನಡೆದು ನೋಡಲಿ.