ಜಿನಬಿಂಬ ಸಂರಕ್ಷಣೆ: ಶ್ರಾವಕರ ಆದ್ಯ ಕರ್ತವ್ಯ

(ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಉಪನ್ಯಾಸ)



ಗರ್ಭಾವತರಣದಿಂದ ಮೋಕ್ಷದವರೆಗಿನ ಪಂಚಕಲ್ಯಾಣ ವಿಧಿಗಳು ಸಾಂಗವಾಗಿ ನೆರವೇರಿದ ಬಳಿಕವೇ ಶಿಲ್ಪಿಯ ಕೈಯಿಂದ ಬಂದ ಶಿಲೆಯು ಪೂಜ್ಯವಾದ ಜಿನಬಿಂಬವೆನಿಸುತ್ತದೆ. ಅಂತಹ ಬಿಂಬಕ್ಕೆ ಭಕ್ತನು ಬೆಲೆ ಕಟ್ಟುವುದಿಲ್ಲ. ಬೆಲೆ ಕಟ್ಟುವವರು ಬೇರೆ ಇದ್ದಾರೆ.

2016ರ ಮಾರ್ಚ್ ತಿಂಗಳಿನಲ್ಲಿ ನ್ಯೂಯಾರ್ಕ್ ನಗರದ ಕ್ರಿಸ್ಟೀಸ್ ಹರಾಜು ಸಂಸ್ಥೆಯಲ್ಲಿ ಮಾರಾಟಕ್ಕೆ ಸಿದ್ಧವಾಗಿದ್ದ, ಹತ್ತನೆಯ ಶತಮಾನದ ಭಗವಾನ್ ಋಷಭನಾಥರ ಶಿಲಾಮೂರ್ತಿಯೊಂದನ್ನು ಅಮೆರಿಕೆಯ ಅಧಿಕಾರಿಗಳು ವಶಪಡಿಸಿಕೊಂಡರು. ಅದಕ್ಕೆ ಹೇಳಲಾಗಿದ್ದ ಅಂದಾಜು ಬೆಲೆ 1,50,000 ಡಾಲರ್. 2021ರ ಸೆಪ್ಟೆಂಬರಿನಲ್ಲಿ ಆ ದೇಶವು ಭಾರತಕ್ಕೆ ಒಪ್ಪಿಸಿದ 157 ಪುರಾತನ ವಸ್ತುಗಳಲ್ಲಿ 9 ಜೈನ ಮೂರ್ತಿಗಳಿದ್ದವು. ನಮ್ಮ ನಾಡಿಗೂ ಈ ಆತಂಕ ದೂರದ್ದಲ್ಲ. 2013ರ ಜುಲೈ ತಿಂಗಳಿನಲ್ಲಿ ಮೂಡುಬಿದಿರೆಯ ಗುರುಬಸದಿಯ ಸಿದ್ಧಾಂತ ದರ್ಶನದ ಅಮೂಲ್ಯ ಬಿಂಬಗಳೇ ಕಳವಾದುದನ್ನು ಸಮಾಜವು ಮರೆತಿಲ್ಲ.

ಕದ್ದ ಮೂರ್ತಿಯು ಮೂರ್ತಿಯಾಗಿ ದೇಶ ಬಿಡುವುದಿಲ್ಲ. ಹೊಸ ಕರಕುಶಲ ವಸ್ತುಗಳ ನಡುವೆ, ಅಲಂಕಾರ ಸಾಮಗ್ರಿಯೆಂಬ ಹೆಸರಿನಲ್ಲಿ ಪೆಟ್ಟಿಗೆ ಸೇರುತ್ತದೆ. ವಿದೇಶ ಸೇರಿದೊಡನೆ, ಹಿಂದಿನಿಂದಲೂ ಯಾರದೋ ಸಂಗ್ರಹದಲ್ಲಿತ್ತೆಂಬ ಸುಳ್ಳು ಪತ್ರ ಹುಟ್ಟುತ್ತದೆ. ಆ ಸುಳ್ಳನ್ನು ಮುರಿಯಬಲ್ಲ ಆಯುಧ ಒಂದೇ: ಅದು ಇಂತಹ ಊರಿನ, ಇಂತಹ ಗುಡಿಯ ಮೂರ್ತಿಯೆಂಬ ಹಳೆಯ ದಾಖಲೆ.

ತಮಿಳುನಾಡಿನ ಶ್ರೀಪುರಂತಾನ್ ಗ್ರಾಮದ ನಟರಾಜ ಮೂರ್ತಿಯೇ ಇದಕ್ಕೆ ನಿದರ್ಶನ. ಕಳವಾದ ಆ ಮೂರ್ತಿಯನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾ ಸಂಗ್ರಹಾಲಯವು 2008ರಲ್ಲಿ ಸುಮಾರು 50 ಲಕ್ಷ ಡಾಲರಿಗೆ ಕೊಂಡಿತ್ತು. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಬಹು ಹಿಂದೆ ಗುಡಿಯಲ್ಲೇ ತೆಗೆದಿಟ್ಟಿದ್ದ ಛಾಯಾಚಿತ್ರವು ಅದರ ಗುರುತನ್ನು ಸಾರಿತು. 2014ರಲ್ಲಿ ಮೂರ್ತಿ ಭಾರತಕ್ಕೆ ಮರಳಿತು. ಛಾಯಾಚಿತ್ರವಿಲ್ಲದ ಮೂರ್ತಿಗೆ ಸಾಕ್ಷಿ ನುಡಿಯುವವರು ಯಾರು?

ಕಾನೂನಿನ ಬಲವಿಲ್ಲವೆಂದಲ್ಲ. 1972ರ ಪುರಾತನ ವಸ್ತುಗಳ ಹಾಗೂ ಕಲಾನಿಧಿಗಳ ಅಧಿನಿಯಮದಂತೆ 100 ವರ್ಷ ತುಂಬಿದ ಮೂರ್ತಿಯನ್ನೂ, 75 ವರ್ಷ ತುಂಬಿದ ಮೌಲ್ಯಯುತ ಹಸ್ತಪ್ರತಿಯನ್ನೂ ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ತಪ್ಪಿದವರಿಗೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ. ಆದರೆ 1970ರ ಯುನೆಸ್ಕೋ ಒಡಂಬಡಿಕೆಯಲ್ಲಿ ಒಂದು ಮಾತಿದೆ. ಧಾರ್ಮಿಕ ಸ್ಮಾರಕದಿಂದ ಕದ್ದ ವಸ್ತುವನ್ನು ಹಿಂದಿರುಗಿಸುವ ಹೊಣೆಯು, ಆ ವಸ್ತುವು ಅಲ್ಲಿನ ದಾಖಲೆ ಪಟ್ಟಿಯಲ್ಲಿ ಸೇರಿದ್ದಾಗ ಅನ್ವಯಿಸುತ್ತದೆ. ಭಾರತವೂ ಈ ಒಡಂಬಡಿಕೆಗೆ ಸೇರಿದೆ. ಪಟ್ಟಿಯೇ ಇಲ್ಲದ ಬಸದಿಗೆ ಅದರಿಂದ ಏನು ಪ್ರಯೋಜನ?

ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳಲ್ಲಿ ನೆಲೆಸಿರುವ ಅನೇಕ ಶ್ರಾವಕ ಕುಟುಂಬಗಳ ಮೂಲ ಬಸದಿಗಳು ದೂರದ ಹಳ್ಳಿಗಳಲ್ಲಿವೆ. ಮನೆತನಗಳು ದಂಡು ಪ್ರದೇಶಕ್ಕೆ ಬಂದವು, ಬಿಂಬಗಳು ಅಲ್ಲಿಯೇ ಉಳಿದವು. ಎಷ್ಟೋ ಕಡೆ ವೃದ್ಧ ಪುರೋಹಿತರೊಬ್ಬರೇ ಪೂಜೆಗೂ ಕಾವಲಿಗೂ ಆಸರೆ. ಇಲ್ಲಿ ಹೊಸ ಬಸದಿ ಕಟ್ಟಿದ ಉತ್ಸಾಹದ ಒಂದಂಶವಾದರೂ ಆ ಹಳೆಯ ಬಸದಿಗಳಿಗೆ ಸಲ್ಲಬೇಡವೇ?

ಮುಂದಿನ ಬಾರಿ ಊರಿಗೆ ಹೋದಾಗ ಪುರೋಹಿತರ ಅನುಮತಿ ಪಡೆದು, ಪ್ರತಿಯೊಂದು ಬಿಂಬದ ಛಾಯಾಚಿತ್ರವನ್ನು ಎಲ್ಲ ದಿಕ್ಕುಗಳಿಂದಲೂ ತೆಗೆಯಬೇಕು. ಎತ್ತರ, ಲೋಹ ಅಥವಾ ಶಿಲೆ, ಲಾಂಛನ, ಭಗ್ನವಾದ ಭಾಗ ಇವನ್ನು ಬರೆದಿಡಬೇಕು. ಪೀಠದಲ್ಲಿ ದಾನಿಯ ಹೆಸರೋ ಗುರುಗಳ ಗಣಗಚ್ಛವೋ ಇದ್ದರೆ ಅದನ್ನು ಮರೆಯದೆ ಪ್ರತಿ ಮಾಡಿಕೊಳ್ಳಬೇಕು. ಅದೇ ಮೂರ್ತಿಯ ವಿಳಾಸ. ಪಟ್ಟಿಯ ಒಂದು ಪ್ರತಿ ಬಸದಿಯಲ್ಲಿ, ಒಂದು ಮಠದಲ್ಲಿ, ಒಂದು ನಗರದ ಮನೆಯಲ್ಲಿ ಇರಲಿ. ಕಾನೂನಿನಂತೆ ನೋಂದಣಿಯೂ ಆಗಲಿ. ಕಳವಾದರೆ ಅಪಕೀರ್ತಿಗೆ ಅಂಜಿ ಮುಚ್ಚಿಡದೆ ಅಂದೇ ದೂರು ಕೊಡಬೇಕು. ಮೌನದಿಂದ ಲಾಭ ಕಳ್ಳನಿಗೆ ಮಾತ್ರ.

ಪೂರ್ವಜರು ದಾನಶಾಸನ ಬರೆಸಿ ತಮ್ಮ ಹೊಣೆಯನ್ನು ನಿರ್ವಹಿಸಿದರು. ಇಂದು ಪ್ರತಿಷ್ಠೆಗೊಂಡ ಈ ನೂತನ ಬಿಂಬದ ವಿವರವೇ ಈ ಬಸದಿಯ ದಾಖಲೆ ಪುಸ್ತಕದ ಮೊದಲ ಪುಟವಾಗಲಿ.

ವರ್ಧತಾಂ ಜಿನಶಾಸನಂ.