ಪಾಠಕ್ಕೆ ಮುನ್ನ ಪ್ರಶ್ನೆ



2020ರ ಜೂನ್ 1ರಂದು ಕೈಟ್ ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ತರಗತಿಗಳು ಆರಂಭವಾದವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲೇ ಪಾಠಗಳು ಬೇಕಾಗಿದ್ದವು. ಕ್ಯಾಮೆರಾದ ಮುಂದೆ ಪಾಠ ಹೇಳುವುದನ್ನು ನಾವು ಬೇಗನೆ ಕಲಿತೆವು. ಮಗುವಿಗೆ ಅದು ತಿಳಿಯಿತೇ ಎಂದು ಅರಿಯುವ ವಿದ್ಯೆ ಮಾತ್ರ ನಿಧಾನವಾಗಿ ಕೈಗೂಡಿತು.

ತರಗತಿಯಲ್ಲಿ ಮಕ್ಕಳ ಮುಖವೇ ಉತ್ತರಪತ್ರಿಕೆ. ಪರದೆಯಾಚೆ ಮುಖ ಕಾಣದು. ಆದುದರಿಂದ ಪಾಠಕ್ಕಿಂತ ಮೊದಲು ಪ್ರಶ್ನೆಯನ್ನು ರೂಪಿಸುವ ಕ್ರಮಕ್ಕೆ ಬಂದೆವು. ‘ಬಾಷ್ಪೀಭವನ ಎಂದರೇನು?’ ಎಂದು ಕೇಳಿದರೆ ಪುಸ್ತಕದ ವಾಕ್ಯವೇ ಚಿತ್ರವಾಗಿ ಮರಳುತ್ತದೆ. ಒಮ್ಮೊಮ್ಮೆ ಅಕ್ಕನ ಕೈಬರಹದಲ್ಲಿ! ‘ತಟ್ಟೆಯಲ್ಲೂ ಲೋಟದಲ್ಲೂ ಸಮ ಅಳತೆಯ ನೀರಿಡು, ಎರಡು ದಿನ ಕಳೆದು ಯಾವುದರಲ್ಲಿ ಹೆಚ್ಚು ಉಳಿಯಿತು, ಏಕೆ?’ ಎಂದರೆ ಮಗು ತಾನೇ ನೋಡಿ ಹೇಳಬೇಕಾಗುತ್ತದೆ. (ಆಟಿಯ ಮಳೆಗೆ ಅಂಗಳ ಒದಗದು, ಜಗಲಿಯೇ ಸರಿ.)

ಅಂಕ ನೀಡುವಲ್ಲಿ ಇನ್ನೊಂದು ವಿವೇಕ ಬೇಕಾಯಿತು. ನಮ್ಮಲ್ಲಿ ಎಷ್ಟೋ ಮಕ್ಕಳ ಮನೆಮಾತು ತುಳು, ಕೊಂಕಣಿ, ಮಲಯಾಳ, ಮರಾಠಿ. ಧ್ವನಿಸಂದೇಶದಲ್ಲಿ ಮನೆಮಾತು ಬೆರೆಸಿ ಸರಿಯಾದ ಕಾರಣ ಹೇಳಿದ ಮಗುವಿಗೆ ವಿಜ್ಞಾನದ ಅಂಕವನ್ನು ಕಡಿಮೆ ಮಾಡಲಾಗದು. ಕನ್ನಡವನ್ನು ತಿದ್ದುವುದು ಅವಶ್ಯವೇ. ಆದರೆ ಅದರ ಲೆಕ್ಕ ಬೇರೆ. ಇವೆರಡನ್ನು ಕಲಸಿದರೆ ಮಗು ಮೌನವಾಗುತ್ತದೆ, ಕ್ರಮೇಣ ಕನ್ನಡ ಮಾಧ್ಯಮವನ್ನೇ ತೊರೆಯುತ್ತದೆ.

ಈಗಲೂ ಮಳೆಯ ರಜೆಗಳಲ್ಲಿ ಇಂಥ ಪಾಠಗಳನ್ನು ಕಳುಹಿಸುತ್ತೇವೆ. ಪೋಷಕರಲ್ಲಿ ಒಂದೇ ಬಿನ್ನಹ: ಮಗು ಉತ್ತರಿಸುವಾಗ ಹಿಂದಿನಿಂದ ಹೇಳಿಕೊಡಬೇಡಿ. ತಪ್ಪುತ್ತರ ಬಂದರೆ ಬರಲಿ. ಮುಂದಿನ ಪಾಠವನ್ನು ಎಲ್ಲಿಂದ ತೊಡಗಬೇಕೆಂದು ನಮಗೆ ತಿಳಿಯುವುದು ಅದರಿಂದಲೇ.