ದೋಣಿಯ ಎಂಜಿನಿಗೆ ಬಂದ ಜ್ವರ

ಚಾಮರಾಜಪೇಟೆಯ ನಮ್ಮ ಹಿತ್ತಲಿನಲ್ಲಿ, ನೀರು ತುಂಬಿದ ಪೀಪಾಯಿಯೊಳಗೆ, ದೋಣಿಯ ಎಂಜಿನೊಂದು ಗುಡುಗಿತೆಂದರೆ ಕೇಳುಗರು ನಗಬಹುದು. ಅದು ಗಂಗೊಳ್ಳಿಯ ನನ್ನ ಭಾವಮೈದುನನದು. ಎರಡು ಸಿಲಿಂಡರುಗಳ ಹಳೆಯ ಔಟ್‌ಬೋರ್ಡ್. ಕಡಲಿನಲ್ಲಿ ಎರಡು ಬಾರಿ ಕಾದು ನಿಂತಿತ್ತು. ಜೂನ್, ಜುಲೈಗಳ ಮೀನುಗಾರಿಕೆ ನಿಷೇಧದಿಂದ 10 ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ವಿನಾಯಿತಿ ಉಂಟು. ಆ ದಿನಗಳಲ್ಲಿ ಅಳಿವೆಯ ಬಾಯಲ್ಲಿ ಎಂಜಿನು ನಿಂತರೆ ದೋಣಿ ಅಲೆಗೆ ಅಡ್ಡವಾಗುತ್ತದೆ, ಮುಂದಿನದನ್ನು ಹೇಳಬೇಕಿಲ್ಲ.

"ನೀರು ಚೆನ್ನಾಗಿ ಚಿಮ್ಮುತ್ತಿದೆ, ದೋಷವಿಲ್ಲ" ಎಂದಿದ್ದರಂತೆ ಅಲ್ಲಿ ರಿಪೇರಿ ಮಾಡಿದವರು. ಕಾರಿಗೆ ರೇಡಿಯೇಟರು ಉಂಟು. ಈ ಎಂಜಿನಿಗೆ ಕಡಲೇ ರೇಡಿಯೇಟರು. ತಳದಲ್ಲಿ ತಿರುಗುವ ರಬ್ಬರಿನ ಚಕ್ರ ನೀರನ್ನೆತ್ತಿ ಸಿಲಿಂಡರುಗಳ ಸುತ್ತ ಹಾಯಿಸುತ್ತದೆ. ಒಂದು ಪಾಲು ಹಿಂದಿನ ಕಿರುರಂಧ್ರದಿಂದ ಚಿಮ್ಮುತ್ತದೆ. ಪಂಪು ದುಡಿಯುತ್ತಿದೆಯೆಂಬುದಕ್ಕೆ ಆ ಧಾರೆ ಸಾಕ್ಷಿ. ನೀರು ಮೂಲೆಮೂಲೆಗೂ ತಲುಪಿತೆಂಬುದಕ್ಕೆ ಅಲ್ಲ.

ಮುಟ್ಟದೆಯೇ ಶಾಖ ಅಳೆಯುವ ಉಪಕರಣವನ್ನು ಹಿಡಿದೆವು. ಮೇಲಿನ ಸಿಲಿಂಡರು ಕೆಳಗಿನದಕ್ಕಿಂತ ಸುಮಾರು 30 ಡಿಗ್ರಿ ಹೆಚ್ಚು ಕಾದಿತ್ತು! ಪಂಪು ಸೋತಿದ್ದರೆ ಎರಡೂ ಕಾಯಬೇಕಿತ್ತು. ಹಾಗಾಗಿ ರಬ್ಬರಿನ ಚಕ್ರವನ್ನು ಬಿಟ್ಟು ಸಿಲಿಂಡರಿನ ತಲೆಯನ್ನೇ ಬಿಚ್ಚಿದೆವು. ಮೇಲಿನ ನೀರುದಾರಿಯಲ್ಲಿ ಉಪ್ಪೂ ಅಲ್ಯೂಮಿನಿಯಂ ಕಿಲುಬೂ ಸೇರಿ ಗಾರೆಯಂತೆ ಗಟ್ಟಿಯಾಗಿ ಕೂತಿದ್ದವು. ಮರದ ಕಡ್ಡಿಯಿಂದ ಕೆದಕಿ, ತೊಳೆದು, ಹೊಸ ಗ್ಯಾಸ್ಕೆಟ್ ಕೂರಿಸಿದ ಮೇಲೆ ಅಂತರ ನಾಲ್ಕೈದು ಡಿಗ್ರಿಗೆ ಇಳಿಯಿತು.

ದಿನವೂ ಕಡಲಿನಿಂದ ಬಂದೊಡನೆ ಸಿಹಿನೀರಿನಲ್ಲಿ ಓಡಿಸು ಎಂದೆ. "ಆಗಲಿ ಭಾವ, ಆದರೆ ಬೇಸಗೆಯಲ್ಲಿ ನಮ್ಮ ಬಾವಿಯ ನೀರೂ ಉಪ್ಪೇ" ಎಂದ.